ಮುಂದೆ ಯಾವ ಪುಸ್ತಕ?



ಕೈಯಲ್ಲಿದ್ದ ಪುಸ್ತಕವನ್ನು ಓದಿ ಮುಗಿಸಿ ಕೆಳಗಿಟ್ಟ ಸಂಜೆ, ಓದುವ ಅಭ್ಯಾಸವುಳ್ಳವರಿಗೆ ಒಂದು ಬಗೆಯ ಬರಿದುತನ ಒದಗುವುದುಂಟು. ನಾಲ್ಕು ದಿನ ಮನೆಯಲ್ಲಿ ತಂಗಿದ್ದ ನೆಂಟರು ಹೊರಟುಹೋದ ಮೇಲೆ ಹಜಾರ ಹೇಗೆ ತೋರುವುದೋ ಹಾಗೆ ಮನಸ್ಸು ತೋರುತ್ತದೆ. ಇನ್ನು ಮುಂದೆ ಯಾವುದನ್ನು ಓದೋಣ ಎಂಬ ಪ್ರಶ್ನೆ ಆಗ ಏಳುತ್ತದೆ. ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ನಮ್ಮಷ್ಟಕ್ಕೆ ನಾವೇ ಕೇಳಿಕೊಳ್ಳುತ್ತೇವೆ. ಇತರ ವಾಚಕರನ್ನು ಕೇಳುವುದು ಕಡಮೆ. ಕೇಳುವುದಕ್ಕೂ ಒಂದು ಕ್ರಮವಿದೆ, ಕೇಳಿದವರಿಗೆ ಉತ್ತರ ಹೇಳುವುದಕ್ಕೂ ಒಂದು ಕ್ರಮವಿದೆ. ಆ ಎರಡನ್ನೂ ವಿಚಾರ ಮಾಡುವುದು ಈ ಹೊತ್ತಿನ ಭಾಷಣದ ಉದ್ದೇಶ. ನಿದರ್ಶನಕ್ಕಾಗಿ ನಾವು ದೂರ ಹೋಗುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನೆರೆನೆರೆಯ ನಾಲ್ಕು ತಾಲ್ಲೂಕುಗಳೇ ನಮಗೆ ಸಾಕು. 1939ರವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದು, ಆ ವರ್ಷ ಮಂಡ್ಯ ಜಿಲ್ಲೆಯ ಪಾಲಿಗೆ ಬಂದ ಈ ಸೀಮೆ, ಕಬ್ಬು ಭತ್ತಗಳಿಗೆ ಹೆಸರಾದಷ್ಟೇ ಪುಸ್ತಕಗಳಿಗೂ ಹೆಸರಾಗತಕ್ಕದ್ದು.

ಮೊದಲು ಒಂದು ಸಣ್ಣ ಲೆಕ್ಕ. ಹದಿನೈದು ದಿನಕ್ಕೊಂದರಂತೆ ಓದುವ ಗೃಹಸ್ಥರು ವರ್ಷಕ್ಕೆ ಹೆಚ್ಚುಕಡಮೆ 25 ಪುಸ್ತಕಗಳನ್ನು ಓದಿಯಾರು. ಇಪ್ಪತ್ತನೆಯ ವಯಸ್ಸಿನಿಂದ ಎಪ್ಪತ್ತರವರೆಗೆ ತಪ್ಪದೆ ಓದಿದರೂ ಮೊತ್ತ 1250ನ್ನು ಮೀರುವುದಿಲ್ಲ. ಇನ್ನು ಇದರ ಎದುರಿಗೆ ಇನ್ನೊಂದು ಸಂಖ್ಯೆಯನ್ನು ಇಡೋಣ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ‘ಪುಸ್ತಕ ಮನೆ’ ಎಂಬ ಭಂಡಾರವಿದೆ. ಅದನ್ನು ಕಟ್ಟಿದವರು ಅದೇ ತಾಲ್ಲೂಕಿನ ಚಿನಕುರಳಿಯ ಶ್ರೀ ಅಂಕೇಗೌಡರು. ಮೊದಲು ಬಸ್ಸಿನ ಕಂಡಕ್ಟರಾಗಿ, ಆಮೇಲೆ ಪಾಂಡವಪುರದ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದ ಇವರು, ಸಂಬಳದ ಬಹುಭಾಗವನ್ನು ಪುಸ್ತಕಗಳಿಗೇ ಸುರಿದರು. ಮೈಸೂರಿನಲ್ಲಿ ಮಾಡಿಕೊಂಡಿದ್ದ ಆಸ್ತಿಯನ್ನೂ ಅದಕ್ಕಾಗಿಯೇ ಮಾರಿದರು. 2026ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿತವಾದಾಗ, ಅವರು ಕೂಡಿಹಾಕಿದ ಪುಸ್ತಕಗಳು 20 ಲಕ್ಷದಷ್ಟಿವೆಯೆಂದು ಪತ್ರಿಕೆಗಳು ಬರೆದುವು. ದಿನಕ್ಕೊಂದು ಪುಸ್ತಕದಂತೆ ಓದುತ್ತ ಹೋದರೆ ಆ ರಾಶಿ ಮುಗಿಯಲು ಐದು ಸಾವಿರದ ನಾನೂರು ವರ್ಷಗಳಿಗೂ ಮೇಲೆ ಬೇಕು. ನಮ್ಮ ಗೃಹಸ್ಥರಿಗಾದರೋ ಅದರಲ್ಲಿ ಪ್ರತಿ 1600 ಪುಸ್ತಕಗಳಿಗೆ ಒಂದು ಮಾತ್ರ ದಕ್ಕುತ್ತದೆ. ಆ ಒಂದು ಯಾವುದಾಗಬೇಕು? ಉಳಿದ 1599 ಏಕೆ ಬೇಡ? ಆಯ್ಕೆ ಎಂಬುದು ಹೊತ್ತು ಕಳೆಯುವವರ ವಿನೋದವಲ್ಲ, ಆಯುಷ್ಯದ ವೆಚ್ಚದ ವಿಚಾರ ಎಂಬುದು ಇದರಿಂದ ತಿಳಿಯುತ್ತದೆ.

ಪುಸ್ತಕ ಮನೆಯಲ್ಲಿ ಇನ್ನೊಂದು ಪಾಠವೂ ಇದೆ. ಅಲ್ಲಿ ಕಪಾಟುಗಳಲ್ಲಿ ತುಂಬಿ ಮಿಕ್ಕ ಪುಸ್ತಕಗಳು ನೆಲದ ಮೇಲೂ ಚೀಲಗಳಲ್ಲಿಯೂ ರಾಶಿಯಾಗಿವೆ. ದೊಡ್ಡ ಪುಸ್ತಕಾಲಯಗಳಲ್ಲಿರುವಂತೆ ವಿಷಯವಾರು ಪಟ್ಟಿಯನ್ನು ತೆರೆದು ಸಂಖ್ಯೆ ಹಿಡಿದು ಹೋಗುವ ಅನುಕೂಲವಿಲ್ಲ. ಇಂಥ ಕಡೆ ಹೊಸಬರು ಮಾಡತಕ್ಕದ್ದು ಒಂದೇ: ಬಾಯಿಬಿಟ್ಟು ಕೇಳುವುದು. ಭಂಡಾರವನ್ನು ಕಟ್ಟಿದ ಯಜಮಾನರನ್ನು ಕೇಳಬೇಕು, ಇಲ್ಲವೆ ಪಕ್ಕದಲ್ಲಿ ಕುಳಿತು ಓದುತ್ತಿರುವವರನ್ನು ಕೇಳಬೇಕು. ಪಟ್ಟಿಯಿದ್ದರೆ ಈ ಕಷ್ಟವಿರುತ್ತಿರಲಿಲ್ಲ ಎಂದು ಹೇಳುವವರುಂಟು. ಆ ಮಾತು ಅರ್ಧ ಮಾತ್ರ ನಿಜ. ಪಟ್ಟಿಯು ಇಂಥ ಪುಸ್ತಕ ಇಂಥ ಕಡೆ ಇದೆಯೆಂದು ಹೇಳಬಲ್ಲುದು. ಇದು ನಿಮಗೆ ಈಗ ಒಗ್ಗುವುದೆಂದು ಹೇಳಲಾರದು.

ಈ ಭೇದವನ್ನು ನಮ್ಮ ದೇಶದಲ್ಲಿ ಚೆನ್ನಾಗಿ ಕಂಡವರು ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಡಾಕ್ಟರ್ ಎಸ್. ಆರ್. ರಂಗನಾಥನ್. 1931ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಐದು ಸೂತ್ರಗಳಿವೆ. ಪುಸ್ತಕಗಳು ಇರುವುದು ಉಪಯೋಗಕ್ಕಾಗಿ ಎಂಬುದು ಮೊದಲನೆಯದು. ಪ್ರತಿಯೊಬ್ಬ ವಾಚಕನಿಗೂ ಅವನ ಪುಸ್ತಕವುಂಟು ಎಂಬುದು ಎರಡನೆಯದು. ಪ್ರತಿಯೊಂದು ಪುಸ್ತಕಕ್ಕೂ ಅದರ ವಾಚಕನುಂಟು ಎಂಬುದು ಮೂರನೆಯದು. ವಾಚಕನ ಕಾಲವನ್ನು ಉಳಿಸಬೇಕೆಂಬುದು ನಾಲ್ಕನೆಯದು. ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ಐದನೆಯದು. ಎರಡನೆಯ ಮತ್ತು ಮೂರನೆಯ ಸೂತ್ರಗಳನ್ನು ಜತೆಯಾಗಿ ಇಟ್ಟು ನೋಡಿದರೆ ಅದು ಮದುವೆಯ ಸಂಬಂಧ ಹುಡುಕುವ ಕೆಲಸದಂತೆ ತೋರುತ್ತದೆ. ಎರಡು ಕಡೆಯನ್ನೂ ಬಲ್ಲವರು ನಡುವೆ ಬೇಕು. ಒಳ್ಳೆಯ ಗ್ರಂಥಪಾಲಕರು ಆ ಕೆಲಸವನ್ನು ಮಾಡುತ್ತಾರೆ. ಆದರೆ ಎಲ್ಲ ಊರುಗಳಲ್ಲಿಯೂ ಅಂಥವರು ದೊರೆಯುವುದಿಲ್ಲ. ದೊರೆಯದ ಕಡೆ ಆ ಭಾರ ಸಹವಾಚಕರ ಮೇಲೆ ಬೀಳುತ್ತದೆ.

ಈಚಿನ ದಿನಗಳಲ್ಲಿ ಪುಸ್ತಕ ಮಾರುವವರ ಗಣಕಯಂತ್ರಗಳೂ ಸಲಹೆ ಕೊಡುತ್ತವೆ. ಇದನ್ನು ಕೊಂಡವರು ಅದನ್ನೂ ಕೊಂಡರು ಎಂದು ಅವು ತಿಳಿಸುತ್ತವೆ. ಅದೂ ಒಂದು ಉಪಕಾರವೇ. ಆದರೆ ಕೊಂಡದ್ದನ್ನು ಯಾವ ಪುಟದಲ್ಲಿ ಮಡಿಸಿಟ್ಟರು, ಏಕೆ ಮಡಿಸಿಟ್ಟರು ಎಂಬುದನ್ನು ತಿಳಿದ ಸ್ನೇಹಿತರ ಸಲಹೆಗೆ ಅದು ಸಮನಾಗಲಾರದು.

ಕೇಳಿ ಆರಿಸುವುದು ನಮ್ಮ ನಾಡಿಗೆ ಹೊಸ ಪದ್ಧತಿಯೂ ಅಲ್ಲ. ಹಳ್ಳಿಯ ಚಾವಡಿಯಲ್ಲಿಯೋ ಗುಡಿಯ ಮುಂದೆಯೋ ಭಾರತವನ್ನು ಓದಿಸುತ್ತಿದ್ದ ಕಾಲದಲ್ಲಿ, ಯಾವ ಸಂಧಿಯನ್ನು ಓದಬೇಕೆಂಬುದು ಓದುವವರೊಬ್ಬರ ಇಷ್ಟವಾಗಿರಲಿಲ್ಲ. ಕೇಳಲು ಕುಳಿತವರ ಅಪೇಕ್ಷೆಯೂ ಅದರಲ್ಲಿ ಸೇರಿರುತ್ತಿತ್ತು. ಮಳೆ ಹಿಂದೆಗೆದ ವರ್ಷ ವಿರಾಟಪರ್ವವನ್ನು ಓದಿಸುತ್ತಿದ್ದರು. ಊರಿಗೆ ಊರೇ ಸೇರಿ, ಈಗ ನಮಗೆ ಬೇಕಾದ ಗ್ರಂಥಭಾಗ ಇದು ಎಂದು ಗೊತ್ತುಮಾಡಿದ ನಿದರ್ಶನ ಇದಕ್ಕಿಂತ ಬೇರೆ ಬೇಕೆ? ಅಕ್ಷರ ಬಾರದವರೂ ಆ ಆಯ್ಕೆಯಲ್ಲಿ ಪಾಲುಗಾರರಾಗಿದ್ದರು. ನಾವು ಅಕ್ಷರ ಕಲಿತು, ಒಬ್ಬೊಬ್ಬರೇ ಮೌನವಾಗಿ ಓದಲು ತೊಡಗಿದ ಮೇಲೆ, ಆಯ್ಕೆಯೂ ಒಬ್ಬೊಬ್ಬರದೇ ಆಗಿಹೋಯಿತು.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಕೆಳಗೆ ಕೃಷ್ಣರಾಜಪೇಟೆಯ ಕಡೆಯ ತರುಣನೊಬ್ಬ ನಮ್ಮಲ್ಲಿಗೆ ಬಂದಿದ್ದನು. ಅವನು ತನ್ನ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಗಳ ‘ಮೈಸೂರ ಮಲ್ಲಿಗೆ’ಯನ್ನು ಓದಿ ಮುಗಿಸಿದ್ದನು. ಪಾಠದ ಪುಸ್ತಕಗಳಲ್ಲದೆ ಅವನಾಗಿ ಓದಿದ ಮೊದಲನೆಯ ಪುಸ್ತಕ ಅದು. “ಸ್ವಾಮಿ, ಇದಾದ ಮೇಲೆ ಯಾವುದನ್ನು ಓದಲಿ?” ಎಂದು ಕೇಳಿದನು. ನಾವು ಒಂದು ಕ್ಷಣವೂ ಯೋಚಿಸಲಿಲ್ಲ. ಕನ್ನಡವನ್ನು ಓದುವುದಾದರೆ ಆದಿಕವಿಯಿಂದಲೇ ಆರಂಭಿಸಬೇಕೆಂದು ಹೇಳಿ, ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ಅವನ ಕೈಗೆ ಕೊಟ್ಟೆವು. ಆ ಉತ್ತರದಲ್ಲಿ ಅವನ ಹಿತಕ್ಕಿಂತ ನಮ್ಮ ಪಾಂಡಿತ್ಯದ ಪ್ರದರ್ಶನವೇ ಹೆಚ್ಚಾಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇವೆ. ಒಂದು ತಿಂಗಳಾದ ಮೇಲೆ ಅವನು ಪುಸ್ತಕವನ್ನು ಹಾಳೆ ಮಾಸದಂತೆ ಹಿಂದಕ್ಕೆ ತಂದುಕೊಟ್ಟನು. “ದೊಡ್ಡ ಗ್ರಂಥ ಸ್ವಾಮಿ” ಎಂದನು. ಮತ್ತೆ ನಮ್ಮನ್ನು ಏನನ್ನೂ ಕೇಳಲಿಲ್ಲ. ತನಗೆ ಓದು ಹತ್ತುವುದಿಲ್ಲವೆಂದು ಅವನು ತೀರ್ಮಾನಿಸಿಕೊಂಡಿದ್ದನೆಂಬುದು ಆಮೇಲೆ ತಿಳಿಯಿತು. ಹತ್ತು ಶತಮಾನಗಳ ಕೆಳಗಿನ ಭಾಷೆಯನ್ನು ಸಿದ್ಧತೆಯಿಲ್ಲದೆ ಅವನ ಮುಂದಿಟ್ಟವರು ನಾವು. ಸೋಲು ಮಾತ್ರ ಅವನ ಪಾಲಿಗೆ ಬಂತು.

ಅವನನ್ನು ಉಳಿಸಿದವರು ಅವನ ಬೀದಿಯಲ್ಲಿದ್ದ ನಿವೃತ್ತ ಉಪಾಧ್ಯಾಯಿನಿಯೊಬ್ಬರು. ಅವರು ಯಾವ ಪುಸ್ತಕದ ಹೆಸರನ್ನೂ ಎತ್ತುವುದಕ್ಕೆ ಮೊದಲು, “ಅದರಲ್ಲಿ ನಿನಗೆ ಹಿಡಿಸಿದ್ದು ಏನಪ್ಪ?” ಎಂದು ಕೇಳಿದರಂತೆ. “ಪಾಟು ಪದವೆಲ್ಲ ಆಮೇಲೆ ಅಮ್ಮ. ನಮ್ಮ ಮನೆಯಲ್ಲಿ ಮಾತಾಡಿಕೊಂಡ ಹಾಗಿತ್ತು” ಎಂದು ಅವನು ಹೇಳಿದನಂತೆ. ಆಗ ಅವರು ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಎಂಬ ಪ್ರಬಂಧಸಂಗ್ರಹವನ್ನು ಕೊಟ್ಟರು. “ಇವರೂ ನಿನ್ನ ತಾಲ್ಲೂಕಿನವರೇ, ಅಕ್ಕಿಹೆಬ್ಬಾಳಿನವರು. ದಿನಕ್ಕೊಂದು ಪ್ರಬಂಧ ಓದು, ಸಾಕು” ಎಂದರು. ಅದನ್ನು ಅವನು ವಾರದೊಳಗೆ ಮುಗಿಸಿದನು. 1991ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅದೇ ಮೂರ್ತಿರಾಯರು ‘ದೇವರು’ ಎಂಬ ವಿಚಾರಗ್ರಂಥವನ್ನು ಹೊರತಂದರು. ತರುಣನು ಅದನ್ನೂ ಓದಿ, ಉಪಾಧ್ಯಾಯಿನಿಯವರೊಡನೆ ಸೊಗಸಾಗಿ ಜಗಳವಾಡಿದನೆಂದು ಕೇಳಿದೆವು. ಈಗ ಅವನು ಪಂಪನ ಬಳಿಗೂ ಬಂದಿದ್ದಾನೆ. ಬಂದದ್ದು ನಮ್ಮ ದಾರಿಯಿಂದಲ್ಲ.

ಆ ತಾಯಿಯವರು ಕೇಳಿದ ಒಂದು ಪ್ರಶ್ನೆಯಲ್ಲಿಯೇ ಈ ವಿದ್ಯೆಯ ಸಾರವಿದೆ. ಒಂದೇ ಪುಸ್ತಕವನ್ನು ಮೆಚ್ಚಿದವರೆಲ್ಲರೂ ಒಂದೇ ಕಾರಣಕ್ಕಾಗಿ ಮೆಚ್ಚುವುದಿಲ್ಲ. 1942ರಲ್ಲಿ ಬೆಳಕು ಕಂಡ ‘ಮೈಸೂರ ಮಲ್ಲಿಗೆ’ಯನ್ನೇ ತೆಗೆದುಕೊಳ್ಳೋಣ. ಮನೆಮಾತಿನ ಸಲಿಗೆಯನ್ನು ಮೆಚ್ಚಿದವರಿಗೆ ಅಕ್ಕಿಹೆಬ್ಬಾಳಿನ ದಾರಿ ಸರಿಯಾಯಿತು. ಹಾಡಿಗೆ ಒಗ್ಗುವ ಗುಣವನ್ನು ಮೆಚ್ಚಿದವರನ್ನು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಕಳುಹಿಸಬೇಕು. 1905ರಲ್ಲಿ ಅಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರು ‘ಗೋಕುಲ ನಿರ್ಗಮನ’ವೇ ಮೊದಲಾದ ಗೀತನಾಟಕಗಳನ್ನು ಬರೆದವರು, ಅವರಲ್ಲಿ ಮಾತೂ ರಾಗವೂ ಒಂದನ್ನೊಂದು ಬಿಟ್ಟಿರುವುದಿಲ್ಲ. ಹಳ್ಳಿಯ ಬಾಳಿನ ಚಿತ್ರವನ್ನು ಮೆಚ್ಚಿದವರನ್ನು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರ ಬಳಿಗೆ ಕರೆದೊಯ್ಯಬಹುದು. ನರಸಿಂಹಸ್ವಾಮಿಗಳಂತೆ ಇವರೂ 1915ರಲ್ಲಿಯೇ ಹುಟ್ಟಿದವರು. ಇವರ ‘ದೊಡ್ಡಮನೆ’ ಕಾದಂಬರಿಯನ್ನು ಓದಿದ ಮೇಲೆ, 1994ರಲ್ಲಿ ಇವರು ರಾಮನಗರದ ಬಳಿ ತೆರೆದ ಜಾನಪದ ಲೋಕವನ್ನು ಕಂಡರೆ, ಓದಿದ್ದಕ್ಕೆ ಕಣ್ಣೆದುರಿನ ವ್ಯಾಖ್ಯಾನ ದೊರೆತಂತಾಗುತ್ತದೆ. ಹೊಸ ಬಗೆಯ ಭಾವಗೀತೆ ಕನ್ನಡಕ್ಕೆ ಎಲ್ಲಿಂದ ಬಂತೆಂಬ ಕುತೂಹಲ ಹುಟ್ಟಿದವರಿಗಾದರೋ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಇದೆ. ಅವರ ಹೆಸರಿನ ಮೊದಲಕ್ಷರ ಸೂಚಿಸುವ ಬೆಳ್ಳೂರು ಇದೇ ನಾಗಮಂಗಲ ತಾಲ್ಲೂಕಿನದು. 1926ರ ಆ ಪುಸ್ತಕದ ಬಹುಪಾಲು ಕವನಗಳು ಪಾಲ್‌ಗ್ರೇವನ ಪ್ರಸಿದ್ಧ ಸಂಗ್ರಹದಿಂದ ಆಯ್ದವು. ತಾವು ಓದಿ ಸಂತೋಷಪಟ್ಟದ್ದನ್ನು ತಮ್ಮವರಿಗೂ ಓದಿಸಬೇಕೆಂದು ಹೊರಟ ವಾಚಕರೊಬ್ಬರ ಶ್ರಮ ಅದು. ಹೀಗೆ ಒಂದು ಪುಸ್ತಕದಿಂದ ನಾಲ್ಕು ದಾರಿಗಳು ಒಡೆದುವು. ಯಾವ ದಾರಿಯೂ ಕೆಟ್ಟದ್ದಲ್ಲ. ಆದರೆ ಕೇಳುವವರ ಮನಸ್ಸನ್ನು ತಿಳಿಯದೆ ತೋರಿಸಿದರೆ ಪ್ರತಿಯೊಂದೂ ತಪ್ಪುದಾರಿಯಾಗಬಹುದು.

ಆದಕಾರಣ ಕೇಳುವವರು ಬರಿದೆ ಒಂದು ಒಳ್ಳೆಯ ಪುಸ್ತಕ ಹೇಳಿ ಎಂದು ಕೇಳಬಾರದು. ವೈದ್ಯರ ಬಳಿಗೆ ಹೋಗಿ ಒಂದು ಒಳ್ಳೆಯ ಔಷಧ ಕೊಡಿ ಎಂದರೆ ಹೇಗೋ ಇದೂ ಹಾಗೆಯೇ. ಕಡೆಯದಾಗಿ ಓದಿದ್ದು ಯಾವುದು, ಅದರಲ್ಲಿ ಹಿಡಿಸಿದ್ದು ಯಾವುದು, ಅರ್ಧಕ್ಕೆ ಬಿಟ್ಟದ್ದು ಯಾವುದು, ಏಕೆ ಬಿಟ್ಟೆವು, ದಿನಕ್ಕೆ ಎಷ್ಟು ಹೊತ್ತು ಓದಬಲ್ಲೆವು, ಇಷ್ಟನ್ನು ಹೇಳಬೇಕು. ಬಿಟ್ಟ ಪುಸ್ತಕದ ಹೆಸರು ಮೆಚ್ಚಿದ ಪುಸ್ತಕದ ಹೆಸರಿನಷ್ಟೇ ಮುಖ್ಯವಾದದ್ದು. ಅದನ್ನು ಹೇಳಲು ನಾವು ನಾಚುತ್ತೇವೆ. ನಾಚಿದಷ್ಟೂ ಸಲಹೆ ಕೆಡುತ್ತದೆ.

ಮತ್ತೊಂದು ಮಾತು. ಒಬ್ಬರನ್ನೇ ಕೇಳಿ ನಿಲ್ಲಬಾರದು. ನಮ್ಮಂತೆಯೇ ಇರುವವರನ್ನು ಮಾತ್ರ ಕೇಳಲೂಬಾರದು. ಶ್ರೀರಂಗಪಟ್ಟಣವನ್ನು ಕುರಿತು ಓದಬೇಕೆಂಬ ಆಸೆ ನಿಮಗೆ ಹುಟ್ಟಿದೆಯೆನ್ನಿ. ಹಳಗಾಲದ ಕಾವ್ಯಗಳಲ್ಲಿ ಪರಿಶ್ರಮವುಳ್ಳವರು 1648ರಲ್ಲಿ ಗೋವಿಂದವೈದ್ಯನು ಬರೆದ ‘ಕಂಠೀರವ ನರಸರಾಜ ವಿಜಯ’ವನ್ನು ಸೂಚಿಸುತ್ತಾರೆ. ಅದರಲ್ಲಿ ಆ ಕಾಲದ ಪಟ್ಟಣವೂ ನವರಾತ್ರಿಯ ಉತ್ಸವವೂ ಸಾಂಗತ್ಯದಲ್ಲಿ ಮೆರೆಯುತ್ತವೆ. ಬೇಸಾಯದ ವಿಚಾರದಲ್ಲಿ ಆಸಕ್ತರಾದವರು ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥವನ್ನು ಹೇಳುತ್ತಾರೆ; ಟಿಪ್ಪುವಿನ ಪತನದ ಮಾರನೆಯ ವರ್ಷ, ಎಂದರೆ 1800ರಲ್ಲಿ, ಅವನು ಈ ಸೀಮೆಗೆ ಬಂದು ಬೆಳೆ, ನೀರು, ತೂಕ, ಅಳತೆಗಳನ್ನೆಲ್ಲ ಬರೆದುಕೊಂಡು 1807ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಕತೆಗಳ ಪ್ರಿಯರು ವಿಲ್ಕಿ ಕಾಲಿನ್ಸನು 1868ರಲ್ಲಿ ಬರೆದ ಪತ್ತೇದಾರಿ ಕಾದಂಬರಿ ‘ಮೂನ್‌ಸ್ಟೋನ್’ ಶ್ರೀರಂಗಪಟ್ಟಣದ ಮುತ್ತಿಗೆಯಿಂದಲೇ ಆರಂಭವಾಗುತ್ತದೆಂದು ನೆನಪಿಸುತ್ತಾರೆ. ನಾಟಕದ ಅಭಿಮಾನಿಗಳು ಗಿರೀಶ ಕಾರ್ನಾಡರ ‘ಟಿಪ್ಪು ಸುಲ್ತಾನ ಕಂಡ ಕನಸು’ ಎನ್ನುತ್ತಾರೆ. ಟಿಪ್ಪು ತನ್ನ ಕೈಯಿಂದಲೇ ಬರೆದಿಟ್ಟ ಕನಸುಗಳ ಕಡತವನ್ನು ಆಧರಿಸಿದ ಈ ನಾಟಕ ಮೊದಲು ಬಿ.ಬಿ.ಸಿ.ಗಾಗಿ ರೇಡಿಯೋ ನಾಟಕವಾಗಿ ರಚಿತವಾದದ್ದು. ಒಂದೇ ದ್ವೀಪಕ್ಕೆ ನಾಲ್ಕು ಬಾಗಿಲುಗಳು. ಒಬ್ಬರನ್ನೇ ಕೇಳಿದ್ದರೆ ಮೂರು ಬಾಗಿಲುಗಳು ಇವೆಯೆಂಬುದೇ ತಿಳಿಯುತ್ತಿರಲಿಲ್ಲ.

ಇನ್ನು ಉತ್ತರ ಹೇಳುವವರ ಧರ್ಮ. ಮೊದಲು ಕೇಳಿ, ಆಮೇಲೆ ಹೇಳಬೇಕು. ಹತ್ತು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವುದಕ್ಕಿಂತ ಒಂದನ್ನು ಹೇಳಿ, ಅದು ಏಕೆಂದು ತಿಳಿಸುವುದು ಮೇಲು. ತಾವು ಓದದ ಪುಸ್ತಕವನ್ನು, ಹೆಸರು ದೊಡ್ಡದೆಂಬ ಕಾರಣಕ್ಕೆ ಸೂಚಿಸಬಾರದು. ಕಷ್ಟವಿದ್ದರೆ ಮುಚ್ಚಿಡಬಾರದು. ಮೊದಲ ಐವತ್ತು ಪುಟ ನಿಧಾನ, ಆಮೇಲೆ ದಾರಿ ಸಲೀಸು ಎಂಬ ಒಂದು ಮಾತು ಎಷ್ಟೋ ವಾಚಕರನ್ನು ಉಳಿಸುತ್ತದೆ. ಭಾಷೆ ಹಳೆಯದಾದರೆ ಗದ್ಯಾನುವಾದವಿರುವ ಮುದ್ರಣವನ್ನು ತೋರಿಸಬೇಕು. ಪ್ರತಿ ಎಲ್ಲಿ ಸಿಕ್ಕುವುದೆಂಬುದನ್ನೂ ಹೇಳಬೇಕು. ಸಿಕ್ಕದ ಪುಸ್ತಕದ ಹೊಗಳಿಕೆಯಿಂದ ಹಸಿದವರಿಗೆ ಏನು ಪ್ರಯೋಜನ? ಇಷ್ಟು ಮಾಡಿದ ಮೇಲೂ ಕೇಳಿದವರಿಗೆ ಅದು ರುಚಿಸದಿದ್ದರೆ ಬೇಸರಪಡಬಾರದು. ಓದಿದವರಾದರೋ ಹಿಂದಿರುಗಿ ಬಂದು, ಹಿಡಿಸಿತು ಅಥವಾ ಹಿಡಿಸಲಿಲ್ಲ ಎಂದು ಹೇಳಿಹೋಗಬೇಕು. ಆ ವರದಿಯಿಂದ ಸಲಹೆ ಕೊಟ್ಟವರ ತಿಳಿವಳಿಕೆಯೂ ಬೆಳೆಯುತ್ತದೆ. ಮುಂದಿನ ಸಲಹೆ ಇನ್ನಷ್ಟು ಸರಿಯಾಗುತ್ತದೆ.

ಪಟ್ಟಣದ ವಿದ್ಯಾವಂತರಾದ ನಮಗೆ ಈ ವಿಚಾರದಲ್ಲಿ ಒಂದು ವಿಶೇಷ ಅಡ್ಡಿಯುಂಟು. ಕೇಳಿದರೆ ಓದಿಲ್ಲವೆಂಬುದು ಬಯಲಾಗುತ್ತದೆ ಎಂಬ ಅಂಜಿಕೆಯೇ ಅದು. ಸಭೆಯಲ್ಲಿ ಯಾವುದಾದರೊಂದು ಗ್ರಂಥದ ಹೆಸರು ಬಂದರೆ ಓದಿದವರಂತೆ ತಲೆದೂಗಿ ಸುಮ್ಮನಾಗುತ್ತೇವೆ. ಹೀಗೆ ಎಲ್ಲರೂ ತಲೆದೂಗುತ್ತಿದ್ದರೆ, ಎಲ್ಲರ ಬಾಯಲ್ಲಿಯೂ ಅವೇ ಹತ್ತು ಹೆಸರುಗಳು ಸುತ್ತುತ್ತವೆ. ಉಳಿದವು ಹರಳಹಳ್ಳಿಯ ಚೀಲಗಳಲ್ಲಿ ತಮ್ಮ ವಾಚಕರಿಗಾಗಿ ಕಾದಿರುತ್ತವೆ. ನಾವು ಓದಿಲ್ಲ, ಹೇಳಿಕೊಡಿ ಎನ್ನುವ ಧೈರ್ಯ ಕಿಕ್ಕೇರಿಯ ಕಡೆಯ ಆ ತರುಣನಿಗೆ ಇತ್ತು. ನಮ್ಮ ಉತ್ತರ ಅದನ್ನು ಅವನಿಂದ ಕಸಿದುಕೊಳ್ಳುವುದರಲ್ಲಿತ್ತು.

ಪರೋಪದೇಶದಲ್ಲಿಯೇ ನಿಲ್ಲದೆ ನಮ್ಮ ಪ್ರಶ್ನೆಯನ್ನೂ ನಿಮ್ಮ ಮುಂದೆ ಇಡುತ್ತೇವೆ. ನಾವು ಕಡೆಯದಾಗಿ ಓದಿದ್ದು 1951ರಲ್ಲಿ ಪ್ರಕಟವಾದ ಸರ್ ಎಂ. ವಿಶ್ವೇಶ್ವರಯ್ಯನವರ ಆತ್ಮವೃತ್ತಾಂತ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಪ್ರಸಂಗ ನಮ್ಮನ್ನು ಹಿಡಿದು ನಿಲ್ಲಿಸಿತು. ಕಟ್ಟಿದವರ ಯೋಚನೆ, ಹಣದ ತಾಪತ್ರಯ, ಅಳತೆ ಲೆಕ್ಕಾಚಾರಗಳು ತಿಳಿದುವು. ಬಿಟ್ಟದ್ದು ಯಾವುದೆಂದರೆ ಮೈಸೂರು ಯುದ್ಧಗಳ ಚರಿತ್ರೆ. ಫಿರಂಗಿಗಳ ಎಣಿಕೆ ನಮಗೆ ಹತ್ತಲಿಲ್ಲ. ಈಗ ಬೇಕಾದ್ದು ಇದು: ಆ ಕಟ್ಟೆಯ ನೀರಿನಡಿಗೆ ಹಳೆಯ ಕನ್ನಂಬಾಡಿಯೂ ಮತ್ತೆ ಕೆಲವು ಊರುಗಳೂ ಹೋದುವು. ಗುಡಿ, ಬಾವಿ, ತೋಟಗಳನ್ನು ಬಿಟ್ಟು ಎತ್ತಿನ ಗಾಡಿಯಲ್ಲಿ ಹೊರಟವರು ಎಲ್ಲಿ ಹೋಗಿ ನೆಲಸಿದರು, ಯಾವುದನ್ನು ಜತೆಗೆ ಒಯ್ದರು, ಮೊಮ್ಮಕ್ಕಳಿಗೆ ಏನೆಂದು ಹೇಳಿದರು ಎಂಬುದನ್ನು ಅವರ ಕಡೆಯಿಂದಲೇ ತಿಳಿಯಬೇಕೆಂದು ನಮಗೆ ಆಸೆ. ಕಾದಂಬರಿಯಾದರೂ ಸರಿ, ನೆನಪಿನ ಬರಹವಾದರೂ ಸರಿ, ಹಳ್ಳಿಯ ಹಾಡಿನ ಸಂಗ್ರಹವಾದರೂ ಸರಿ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಓದಬಲ್ಲೆವು. ಸಣ್ಣ ಅಚ್ಚು ಕಣ್ಣಿಗೆ ಆಗುವುದಿಲ್ಲ.

ಇಂಥ ಪುಸ್ತಕವನ್ನು ಬಲ್ಲವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಒಂದು ಕಾರ್ಡಿನಲ್ಲಿ ಒಂದೇ ಹೆಸರನ್ನು, ಅದನ್ನು ಸೂಚಿಸಿದ ಕಾರಣದೊಡನೆ ಬರೆದು ಕಳುಹಿಸಿದರೆ ಉಪಕಾರವಾಗುತ್ತದೆ. ಓದಿ ಹೇಗಿತ್ತೆಂಬುದನ್ನು ಮರೆಯದೆ ನಿಮಗೆ ತಿಳಿಸುತ್ತೇವೆ.